ಕಲ್ ನಿಕಾಲ್ತೇ ಕತೆ

ಮನೆಯಲ್ಲಿ ಒಂದು ಗೋಡೆ ಕಡಿಮೆಯಾದರೆ ಸಂಸಾರದ ಸುಖ ಅಷ್ಟರಮಟ್ಟಿಗೆ ಹೆಚ್ಚುತ್ತದೆ ಎಂಬ ಭ್ರಮೆ ಓದಿದವರಿಗೇ ಜಾಸ್ತಿ. ನಾನು ಬಿ.ಎ. ಓದಿದವನು, ಅದೂ ಹಿಂದಿ ತೆಗೆದುಕೊಂಡು. ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನಲ್ಲಿ ನಮಗಿದ್ದದ್ದು ಮಣ್ಣಿನ ಮಾಳಿಗೆಯ ಪುಟ್ಟ ಮನೆ. ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ, ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುವಾಗ ಕೈ ಗೋಡೆಗೆ ತಾಗಿ ವಾರಕ್ಕೊಂದಾದರೂ ಬಳೆ ಒಡೆಯುತ್ತಿತ್ತು. ಆಕೆ ಒಂದು ದಿನವೂ ದೂರಲಿಲ್ಲ. ಚೂರುಗಳನ್ನು ಆರಿಸಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದಳು, ಅಷ್ಟೆ. ಆ ಡಬ್ಬಿಯನ್ನು ನೋಡಿ ನೋಡಿ ಕರಗಿಹೋಗಿ, ಅಡುಗೆಮನೆಗೂ ನಡುಮನೆಗೂ ಮಧ್ಯೆ ಇರುವ ಗೋಡೆ ತೆಗೆಸಿಬಿಡೋಣ ಎಂದು ನಾನೇ ಘೋಷಿಸಿದೆ.

ಗೌಂಡಿ ಮೌಲಾಸಾಬರು ಬಂದು ಎರಡೇ ದಿನದಲ್ಲಿ ಗೋಡೆ ಕೆಡವಿದರು. ಕೆಡವುವುದರಲ್ಲಿ ಅವರಷ್ಟು ಚುರುಕಿನವರನ್ನು ನಾನು ಕಂಡಿಲ್ಲ. ಗೋಡೆಯ ಮೇಲೆ ಕೂತಿದ್ದ ತೊಲೆಯ ತುದಿಗೆ ಆಸರೆಯಾಗಿ ಒಂದು ದಪ್ಪ ಮರದ ಬೊಡ್ಡೆ ನಿಲ್ಲಿಸಿದರು. ಅದು ಗೇಣುದ್ದ ಗಿಡ್ಡವಾಯಿತು. ಅದರ ಕಾಲಡಿಗೆ ಒಂದು ಚಪ್ಪಟೆ ಕಲ್ಲು ಕೊಟ್ಟರು. "ನಾಳಿ ಬಂದು ಚಲೋ ಕಂಬ ನಿಲ್ಲಸ್ತೀನ್ರಿ ಸರ, ಇದನ್ನ ತೆಗದ್ ಒಗೀತೀನಿ" ಎಂದು ಹೇಳಿ ಹೋದವರು ಹತ್ತೊಂಬತ್ತು ದಿನ ಬರಲಿಲ್ಲ.

ಬೊಡ್ಡೆ ನಿಂತದ್ದು ಒಲೆಯ ಪಕ್ಕದಲ್ಲೇ. ಗಿರಿಜಾ ಕೊಡ ಹೊತ್ತು ಬಂದರೆ ಅದಕ್ಕೊಂದು ಪ್ರದಕ್ಷಿಣೆ ಹಾಕಿಯೇ ಒಲೆ ಸೇರಬೇಕು. ನಾನು ದಿನವೂ ಗೌಂಡಿಯ ಮನೆಗೆ ನಡೆದೆ. ಅವರ ಹೆಂಡತಿ ಖಾಜಾಬಿ ಪರದೆ ಸರಿಸಿ, "ದೇವದುರ್ಗಕ್ಕ ಹೋಗ್ಯಾರ್ರೀ, ನಾಳಿ ಬರ್ತಾರ" ಎನ್ನುತ್ತಿದ್ದಳು. ಒಂದು ಭಾನುವಾರ ಬಸ್ಸು ಹತ್ತಿ ದೇವದುರ್ಗಕ್ಕೇ ಹೋದೆ. ಅಲ್ಲಿ ಅವರು ಅರ್ಧ ಕಟ್ಟಿದ ಗೋಡೆಯೊಂದಿತ್ತು, ಅವರಿರಲಿಲ್ಲ. ಮಾನ್ವಿಗೆ ಹೋಗಿದ್ದಾರೆಂದರು. ಮುಂದಿನ ಭಾನುವಾರ ಮಾನ್ವಿಗೆ ಹೋದೆ. ಆ ಮನೆಯವರು ಗೋಡೆ ತೋರಿಸಿ, "ಈಗ ಹ್ವಾದ್ರು ನೋಡ್ರಿ, ಇನ್ನಾ ಗಿಲಾವ ಆರಿಲ್ಲ" ಎಂದರು. ಬೆರಳಿಟ್ಟು ನೋಡಿದೆ. ಹಸಿ. ಆ ಹತ್ತೊಂಬತ್ತು ದಿನಗಳಲ್ಲಿ ನಾನು ಮೌಲಾಸಾಬರಿಗೆ ಅತ್ಯಂತ ಹತ್ತಿರ ಹೋದದ್ದು ಅದೊಂದೇ ಸಲ.

ಬೆರಳಿಗೆ ಗಿಲಾವು ಮೆತ್ತಿಸಿಕೊಂಡು ಬಂದ ನನ್ನನ್ನು ನೋಡಿ ಗಿರಿಜಾ, "ನೀವು ಬಿ.ಎ. ಮಾಡಿದ್ದು ಗೌಂಡಿ ಹುಡುಕಾಕೇನ್ರೀ?" ಎಂದು ನಕ್ಕಳು.

ಆ ಬಿ.ಎ.ಯಿಂದಲೇ ಮುಂದಿನ ಅನರ್ಥವಾಯಿತು. ಒಂದು ಸಂಜೆ ಖಾಜಾಬಿಗೆ ರೇಗಿಯೇ ಹೇಳಿಬಂದಿದ್ದೆ: "ಆ ಬೊಡ್ಡಿ ಅಡ್ಡ ನಿಂತದ, ಏನ್ ಮಾಡ್ಲಿ ಅಂತ ಅವರನ್ನ ಕೇಳವ್ವಾ." ಮರುದಿನ ಆಫೀಸಿನಿಂದ ಬರುವಾಗ ಆಕೆ ಸಂತೆಯ ಗದ್ದಲದಲ್ಲಿ ಸಿಕ್ಕಳು. ಅವಸರದಲ್ಲಿದ್ದಳು. ಮನೆಮಾತಾದ ದಖನಿ ಉರ್ದುವಿನಲ್ಲೇ, "ಕಲ್ ನಿಕಾಲ್ತೇ ಕತೆ" ಎಂದು ಕೂಗಿ ಹೋದಳು. ದಖನಿಯಲ್ಲಿ 'ಕತೆ' ಅಂದರೆ ಕತೆಯಲ್ಲ, 'ಅಂತೆ' ಎಂದು ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದೇ ಹೆಮ್ಮೆ. ನಿಕಾಲ್ ಅಂದರೆ ತೆಗೆಯುವುದು. ಇನ್ನು ಕಲ್? ಅರ್ಧ ಕನ್ನಡ ಅರ್ಧ ದಖನಿ ಬೆರೆಸಿ ಮಾತಾಡುವುದು ನಮ್ಮೂರ ರೂಢಿ. ಹತ್ತೊಂಬತ್ತು ದಿನ ನನ್ನ ಕಣ್ಣ ಮುಂದಿದ್ದದ್ದೂ ಒಂದು ಕಲ್ಲೇ. ಕಲ್ಲು ತೆಗೆಯಬೇಕಂತೆ! ಇಷ್ಟು ಸಣ್ಣ ಉಪಾಯ ನನಗೇ ಹೊಳೆಯಲಿಲ್ಲವಲ್ಲ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಗಿರಿಜಾ ಸ್ನಾನಕ್ಕೆ ಹೋದಾಗ ಹಾರೆ ತಂದು ಮೀಟಿದೆ. ಕಲ್ಲು ಮುಕ್ಕಾಲು ಭಾಗ ಈಚೆ ಬಂತು. ಬೊಡ್ಡೆ ಅಲುಗಲಿಲ್ಲ. ನೋಡು, ಇದು ಯಾವ ಭಾರವನ್ನೂ ಹೊತ್ತಿರಲೇ ಇಲ್ಲ, ಬರೀ ತೋರಿಕೆಗೆ ನಿಂತಿದೆ ಎಂದು ತೀರ್ಮಾನಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದೆ.

ಮುಂದಿನದನ್ನು ನಾನು ಹಿತ್ತಲ ಬಾಗಿಲಿನಿಂದ ಕಂಡೆ. ಇವತ್ತಿಗೂ ಕಾಣುತ್ತಿದ್ದೇನೆ. ನನ್ನ ಕೈಯಲ್ಲಿ ತಂಬಿಗೆ. ಗಿರಿಜಾ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಾಳೆ, ಬೆನ್ನಿನ ಮೇಲೆ ಒದ್ದೆ ಕೂದಲು. ಆಕೆಯ ಹಿಂದೆ ಬೊಡ್ಡೆ, ತೂಕಡಿಸುವವರ ತಲೆಯಂತೆ, ಒಂದಿಷ್ಟು ವಾಲಿತು. ಕೂಗಬೇಕೆಂದು ಬಾಯಿ ತೆರೆದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತಂದ ಬಾಯಿ ಅದು. ಒಂದು ಅಕ್ಷರ ಹೊರಡಲಿಲ್ಲ.

ಅಷ್ಟರಲ್ಲಿ ಮುಂಬಾಗಿಲು ಬಡಿದ ಸದ್ದು. "ಅಕ್ಕಾರ್ರೀ, ಬಾಗಿಲಾ ತಗೀರಿ!"

ಗಿರಿಜಾ ಹಿಟ್ಟಿನ ಕೈಯಲ್ಲೇ ಎದ್ದಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಐದನೆಯದಕ್ಕೆ ತೊಲೆಯ ತುದಿ, ಅದರ ಹಿಂದೆಯೇ ಮಾಳಿಗೆಯ ಮಣ್ಣು ರೊಟ್ಟಿ ಹಂಚು, ಹಿಟ್ಟಿನ ಪರಾತ ಎಲ್ಲದರ ಮೇಲೆ ಕುಸಿದು ಬಿತ್ತು. ಧೂಳಿನೊಳಗಿಂದ ಆಕೆಯ ಕೆಮ್ಮು ಕೇಳುವವರೆಗೆ ನಾನು ಉಸಿರಾಡಿದ ನೆನಪಿಲ್ಲ. ಆ ಕೆಮ್ಮಿನಷ್ಟು ಇಂಪಾದ ಸದ್ದನ್ನು ಆಮೇಲೆ ನಾನು ಕೇಳಿಲ್ಲ.

ಬಾಗಿಲಲ್ಲಿ ನಿಂತಿದ್ದವರು ಮೌಲಾಸಾಬರು. ಅವರ ಹಿಂದೆ ಬಂಡಿಯಲ್ಲಿ ಒಂದು ತೇಗದ ಕಂಬ ಮಲಗಿತ್ತು. ದೇವದುರ್ಗದಲ್ಲಿ ಸಿಗದೆ, ಮಾನ್ವಿಯಲ್ಲಿ ಹಳೆಯ ಮನೆ ಕೆಡವಿದವರಿಂದ ನಮ್ಮ ತೊಲೆಯ ಅಳತೆಗೆ ಹುಡುಕಿ ತಂದಿದ್ದರಂತೆ. ಅವರು ಒಳಗೆ ಬಂದು, ಬಿದ್ದದ್ದನ್ನು ನೋಡಿ, ಸರಿದ ಕಲ್ಲನ್ನು ನೋಡಿ, ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು:

"ಸರ, ಕಲ್ಲ ಯಾರ್ ತೆಗದ್ರೀ?"

"ನೀವೇ ಹೇಳಿ ಕಳಿಸಿದ್ರಲ್ಲಾ, ಕಲ್ ನಿಕಾಲ್ ಅಂತ."

"ಯಾ ಅಲ್ಲಾ!" ಅವರು ಹಣೆ ಹಿಡಿದುಕೊಂಡರು. "ಕಲ್ ಅಂದ್ರ ನಾಳಿ ರೀ ಸರ! ನಾಳಿ ಬಂದು ನಾನ ಬೊಡ್ಡಿ ತೆಗೀತೀನಿ ಅಂದಿದ್ದೆ!"

ನಿಜ. 'ಕಲ್' ಅಂದರೆ ನಾಳೆ ಎಂದು ಹಿಂದಿಯ ಮೊದಲ ಪಾಠದಲ್ಲೇ ಓದಿದ್ದೆ. ಆದರೆ ಮೌಲಾಸಾಬರ ನಾಳೆಗೆ ಏನಾದರೂ ಅರ್ಥವಿರಬಹುದೆಂದು ನನ್ನ ತಲೆಗೆ ಹೋಗಲೇ ಇಲ್ಲ. ಅವರು ಹೇಳಿದ ದಿನಕ್ಕೆ ಸರಿಯಾಗಿ ಬಂದದ್ದು ಅದೊಂದೇ ದಿನ. ಆ ದಿನವೂ ಎಂದಿನಂತೆ ಬಾರದೆ ಇದ್ದಿದ್ದರೆ? ಅದನ್ನು ಮುಂದುವರಿಸಿ ಯೋಚಿಸಲು ನನಗೆ ಈಗಲೂ ಧೈರ್ಯವಿಲ್ಲ.

ಸದ್ದಿಗೆ ಓಣಿಯೇ ಓಡಿಬಂತು. ಎದುರುಮನೆಯ ಅಕ್ಕಿಗಿರಣಿ ಸಾಹುಕಾರ ಶರಣಪ್ಪನವರು, "ಏನ್ ಮೌಲಾ, ಮನಿ ಕಟ್ಟಾಕ ಬಂದ್ಯೋ, ಮಂದೀನ ಕೊಲ್ಲಾಕ ಬಂದ್ಯೋ?" ಎಂದು ಗದರಿದರು. ಮೌಲಾಸಾಬರು ಒಂದು ಸಲ ನನ್ನತ್ತ ನೋಡಿದರು.

"ತೊಲಿಗೆ ಗೆದ್ದಲ ಹತ್ತಿತ್ರೀ ಸಾವ್ಕಾರ್ರ. ನಾನ ನೋಡಬೇಕಿತ್ತು. ನನ್ನ ತಪ್ಪು" ಎಂದರು.

ತೊಲೆಯಲ್ಲಿ ಸೂಜಿ ಹೋಗುವಷ್ಟು ತೂತೂ ಇರಲಿಲ್ಲ. ಅಲ್ಲಿದ್ದ ಓದಿದ ಮನುಷ್ಯ, ಅಂದರೆ ನಾನು, "ಹೌದ್ರಿ, ಗೆದ್ದಲ" ಎಂದು ತಲೆಯಾಡಿಸಿದೆ. ಗಿರಿಜಾ ಸರಿದ ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೈಗೆ ಒಣಗುತ್ತಿದ್ದ ಹಿಟ್ಟನ್ನು ಉಜ್ಜತೊಡಗಿದಳು.

ಮಧ್ಯಾಹ್ನ ಮೌಲಾಸಾಬರು ಒಳಗೆ ಮಣ್ಣು ಎತ್ತುತ್ತಿದ್ದರೆ, ಆಕೆ ಅಂಗಳದಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದಳು. ಮೊದಲ ಬಿಸಿ ರೊಟ್ಟಿ ಅವರಿಗೆ ಹೋಯಿತು. ನಾನು ಆಕೆಯ ಪಕ್ಕದಲ್ಲೇ ಕೂತಿದ್ದೆ, ಎದ್ದು ಹೋಗಲು ಆಗದೆ. ಆಕೆ ಬಡಿಯುವುದನ್ನೇ ನೋಡುತ್ತಿದ್ದೆ. ತಟ್ಟೆಯಲ್ಲಿದ್ದದ್ದು ಆರುತ್ತಿತ್ತು.

"ಯಾಕ್ರೀ, ಊಟ ಬ್ಯಾಡೇನು?"

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಈ ಸಲವೂ ಒಂದು ಅಕ್ಷರ ಹೊರಡಲಿಲ್ಲ. ಆಕೆ ಹಂಚಿನಿಂದ ಎರಡು ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿ, ಸೆರಗಿನಿಂದ ನನ್ನ ಕಣ್ಣಂಚಿನ ಧೂಳು ಒರೆಸಿದಳು.

"ತಿನ್ರಿ" ಎಂದಳು. "ಒಂದ್ ತೊಲಿ ತಿಂದ್ರ ಗೆದ್ದಲಕ್ಕ ಹೊಟ್ಟಿ ತುಂಬತದೇನು?"