ಮರದ ಮೀನಿಗೆ ಹೊಡೆಯಲಾರದವರ ಬಿನ್ನಹ

ಎರ್ಲೆನ್‌ಬೆಕ್ ತೊರೆಯ ದಂಡೆ, ವೋಲ್ಫ್ಸ್‌ಬುರ್ಗ್ ಹತ್ತಿರ
ಫೆಬ್ರವರಿ ೧೯೭೮

ಮೀನುಗಾರಿಕಾ ನಿಧಿಯ ಮುಖ್ಯಾಧಿಕಾರಿಗಳೂ ಮೀನು ಹಿಡಿಯುವ ಪರವಾನಗಿ ಪರೀಕ್ಷೆಯ ಏಕೈಕ ಪರೀಕ್ಷಕರೂ ಆದ ಮಾನ್ಯ ಹೆರ್ ಟೀಡೆಮನ್ ಅವರೇ,

ತಮಗೂ, ತಮ್ಮ ಮೇಜಿನ ಮೇಲಿನ ಮೊಹರುಗಳಿಗೂ, ಪರೀಕ್ಷಾ ಕೊಠಡಿಯ ಬೀರುವಿನಲ್ಲಿ ವಿಶ್ರಮಿಸುತ್ತಿರುವ ಮರದ ಮೀನಿಗೂ ನಮ್ಮ ತೊರೆ ಸಂಘದ ಗೌರವಪೂರ್ವಕ ನಮಸ್ಕಾರಗಳು. ಜರ್ಮನ್‌ನಲ್ಲಿ ಬರೆದ ಪತ್ರಗಳಿಗೆಲ್ಲ ತಾವು ‘ನಿಯಮದಲ್ಲಿ ಅವಕಾಶವಿಲ್ಲ’ ಎಂಬ ಒಂದೇ ಉತ್ತರವನ್ನು ತಪ್ಪದೆ ಕಳಿಸುತ್ತಿರುವುದರಿಂದ ಈ ಸಲ ಕನ್ನಡದಲ್ಲಿ, ನಮ್ಮವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಅರ್ಥವಾಗದಿದ್ದರೆ ಬೇಸರಿಸಬೇಡಿ, ಅರ್ಥವಾದ ಪತ್ರಗಳಿಂದಲೂ ನಮಗೆ ಆದ ಲಾಭ ಅಷ್ಟೇ.

ಸಂಗತಿ ತಮಗೆ ಗೊತ್ತಿದ್ದದ್ದೇ. ಒಂದು ಕಾಲಕ್ಕೆ ಸಾಲ್ಮನ್ ಮೀನುಗಳು ಸಮುದ್ರದಿಂದ ಹತ್ತಿ ಬಂದು ಈ ತೊರೆಯ ತಳದ ಜಲ್ಲಿಯಲ್ಲಿ ಮೊಟ್ಟೆ ಇಡುತ್ತಿದ್ದವು. ಆಮೇಲೆ ಸರಕಾರಕ್ಕೆ ತೊರೆ ಅಂಕುಡೊಂಕಾಗಿದೆ ಅನ್ನಿಸಿ, ಅದನ್ನು ಗೆರೆ ಎಳೆದಂತೆ ನೇರಮಾಡಿ, ದಂಡೆಗೆ ಕಾಂಕ್ರೀಟು ಹಾಕಿ, ಜಲ್ಲಿಯನ್ನು ಬಳಿದು ರಸ್ತೆಗೆ ಹಾಕಿತು. ಆಗ ಯಾರೂ ಯಾರಿಗೂ ಪರೀಕ್ಷೆ ಇಡಲಿಲ್ಲ. ಇಡೀ ತೊರೆಯನ್ನು ಕೊಲ್ಲುವುದಕ್ಕೆ ಪರವಾನಗಿ ಬೇಕಿರಲಿಲ್ಲ. ಈಗ ಕಾರು ಕಾರ್ಖಾನೆಯ ಕೆಲಸಗಾರರು, ಶಾಲೆಯ ಟೀಚರುಗಳು, ನಾವು ಕೆಲವು ಕನ್ನಡದ ಮನೆಯವರು ರಜೆಯ ದಿನಗಳಲ್ಲಿ ನೀರಿಗಿಳಿದು ಸರಕಾರದ ಕಾಂಕ್ರೀಟನ್ನು ಕಿತ್ತು ಹಾಕುತ್ತಿದ್ದೇವೆ. ಸ್ವೀಡನ್ನಿನಿಂದ ತರಿಸಿದ ಸಾಲ್ಮನ್ ಮೊಟ್ಟೆಗಳು ತಣ್ಣೀರಿನ ತಟ್ಟೆಗಳಲ್ಲಿ ಕಾಯುತ್ತಿವೆ; ಅವುಗಳೊಳಗೆ ಆಗಲೇ ಕರಿ ಚುಕ್ಕೆಯಂಥ ಕಣ್ಣು ಮೂಡಿವೆ. ಮಾರ್ಚ್‌ನಲ್ಲಿ ಮೊಟ್ಟೆಯೊಡೆದು ಮರಿ ಬರುವುದರೊಳಗೆ ಅವನ್ನು ಜಲ್ಲಿಯಲ್ಲಿ ಹುದುಗಿಸಬೇಕು. ಬರೀ ಕೆಸರಿನಲ್ಲಿಟ್ಟರೆ ಉಸಿರು ಕಟ್ಟಿ ಸಾಯುತ್ತವೆ. ಜಲ್ಲಿಗೆ ತಮ್ಮ ನಿಧಿಯಲ್ಲಿ ಹಣವಿದೆ, ಅದು ಇರುವುದೇ ಇಂಥ ಕೆಲಸಕ್ಕೆ ಎಂದು ತಾವೇ ಭಾಷಣ ಮಾಡಿದ್ದೀರಿ. ನಾವು ಚಪ್ಪಾಳೆಯನ್ನೂ ತಟ್ಟಿದ್ದೇವೆ.

ಆದರೆ ಯೋಜನೆಯ ಮುಖ್ಯಸ್ಥನಿಗೆ ಮೀನು ಹಿಡಿಯುವ ಪರವಾನಗಿ ಇರಲೇಬೇಕು ಎನ್ನುವುದು ತಮ್ಮ ನಿಯಮ. ನಮ್ಮ ಮುಖ್ಯಸ್ಥರು ಧಾರವಾಡದ ಡಾಕ್ಟರ್ ಪ್ರಭಂಜನ. ಪ್ರಾಣಿಶಾಸ್ತ್ರಜ್ಞರು, ಸಾಲ್ಮನ್ನಿನ ಬಗ್ಗೆಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು, ಹುಟ್ಟಿದಾರಭ್ಯ ಕೋಳಿಮೊಟ್ಟೆಯನ್ನೂ ಬಾಯಿಗಿಟ್ಟವರಲ್ಲ. ಬರವಣಿಗೆಯ ಪರೀಕ್ಷೆಯಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ತಾವೇ ಹೊಗಳಿದಿರಿ. ಆಮೇಲೆ ಮರದ ಮೀನನ್ನೂ ಕೊಡತಿಯನ್ನೂ ಮುಂದಿಟ್ಟು, ಮೀನು ಕೈಗೆ ಬಂತು, ಮೊದಲು ಏನು ಮಾಡುತ್ತೀರಿ ಎಂದು ಕೇಳಿದಿರಿ. ತಲೆಗೆ ಒಂದೇಟು ಹಾಕಿ ಪ್ರಜ್ಞೆ ತಪ್ಪಿಸುತ್ತೇನೆ ಎನ್ನುವುದು ಸರಿಯುತ್ತರ. ನಮ್ಮವರು ನೀರಿಗೆ ಬಿಡುತ್ತೇನೆ ಅಂದರು. “ಹೆರ್ ಡಾಕ್ಟರ್, ಹಾಗಾದರೆ ರಾತ್ರಿ ಊಟಕ್ಕೇನು?” ಎಂದು ತಾವು ಕನಿಕರದಿಂದ ವಿಚಾರಿಸಿದಿರಿ. “ಅನ್ನ, ಸಾರು” ಅಂದರು. ಆ ಉತ್ತರಕ್ಕೆ ಎಷ್ಟು ಅಂಕ ಸಿಕ್ಕಿತೋ ತಿಳಿಯದು, ಫೇಲಾಗಿದ್ದಂತೂ ನಿಜ.

ಎರಡನೆಯ ಸಲಕ್ಕೆ ಅವರ ಮನೆಯಲ್ಲೇ ತಾಲೀಮು ಇಟ್ಟೆವು. ಮೀನಿನ ಬದಲು ಸೌತೆಕಾಯಿ, ಕೊಡತಿಯ ಬದಲು ಲಟ್ಟಣಿಗೆ. ಅವರ ಹೆಂಡತಿ ಶಾಮಲಾ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುವ ಡಾಕ್ಟರು. ಅವರ ತಾಳ್ಮೆಗೂ ಒಂದು ಮಿತಿಯಿದೆ. “ರೀ, ಅದು ಕಟಿಗೀ ಮೀನರೀ, ಹೊಡದ್ರ ಅದಕ್ಕೇನಾಗ್ತದ?” ಅಂದರು. “ಕಟಿಗೀದೇ ಇರಲಿ, ಅದಕ್ಕ ಕಣ್ಣು ಬರದಾರಲ್ಲ” ಅಂದರು ಪ್ರಭಂಜನ. ಹಾಗೆ ಹೇಳಿದವರು ಪರೀಕ್ಷೆಯ ದಿನ ಏನು ಮಾಡಿದರೆಂದು ತಾವೇ ಕಂಡಿದ್ದೀರಿ. ಕೊಡತಿ ಎತ್ತಿದರು, ಕಣ್ಣು ಮುಚ್ಚಿದರು, ಮಗುವನ್ನು ಮಲಗಿಸುವಂತೆ ಮೆಲ್ಲಗೆ ತಟ್ಟಿದರು. ಮತ್ತೆ ಫೇಲು.

ಮಾನ್ಯರೇ, ತಮ್ಮ ನಿಯಮವನ್ನು ನಾವು ನಿಂದಿಸುವುದಿಲ್ಲ. ಸಾಯುವ ಮೀನು ನರಳಬಾರದೆಂಬ ತಮ್ಮ ಕರುಣೆ ದೊಡ್ಡದು, ಅದಕ್ಕೆ ಕೈಮುಗಿಯುತ್ತೇವೆ. ಆದರೆ ತಮ್ಮ ಏಟು ತಿನ್ನುವ ಯೋಗ ಒದಗಬೇಕಾದರೆ ಆ ಬಡಪಾಯಿ ಮೀನು ಮೊದಲು ಹುಟ್ಟಬೇಕಲ್ಲ. ಆದಕಾರಣ ದಯಮಾಡಿ ಪ್ರಭಂಜನರ ಮಟ್ಟಿಗೆ ಪರೀಕ್ಷೆಯನ್ನು ಸೌತೆಕಾಯಿಯ ಮೇಲೆ ನಡೆಸಿ. ಅದನ್ನು ಅವರು ಯಾವ ದಾಕ್ಷಿಣ್ಯವೂ ಇಲ್ಲದೆ ಕೋಸಂಬರಿ ಮಾಡಬಲ್ಲರು. ಅದಾಗದಿದ್ದರೆ, ಮುಂದಿನ ಪರೀಕ್ಷೆಯ ತನಕ ಯಾರೂ ಮರಿಯಾಗಿ ಹೊರಬರಕೂಡದೆಂದು ಮೊಟ್ಟೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಸ್ವೀಡಿಷ್ ಭಾಷೆಯಲ್ಲಿದ್ದರೆ ಅವಕ್ಕೆ ಅನುಕೂಲ.

ಸುತ್ತೋಲೆ ಬರುವವರೆಗೆ ನಾವು ಮಾತ್ರ ಕಾಯುವುದಿಲ್ಲ. ಈ ಶನಿವಾರ ಜನ ತಮ್ಮ ತಮ್ಮ ತೋಟದ ದಾರಿಗೆ ಹಾಸಿದ್ದ ಉರುಟು ಜಲ್ಲಿಯನ್ನೇ ಬಳಿದು, ತೊಳೆದು, ಕೈಗಾಡಿಯಲ್ಲಿ, ಹಳೆಯ ಮಕ್ಕಳ ಗಾಡಿಯಲ್ಲಿ, ಬುಟ್ಟಿಯಲ್ಲಿ ತರುತ್ತಿದ್ದಾರೆ. ಎರಡು ಸಲ ಫೇಲಾದವರು ನೀರಿನಲ್ಲಿ ನಿಂತು ಯಾವ ಬುಟ್ಟಿ ಎಲ್ಲಿ ಸುರಿಯಬೇಕೆಂದು ಹೇಳುತ್ತಾರೆ. ಅನುಮತಿಯಿಲ್ಲದೆ ತೊರೆಗೆ ಕಲ್ಲು ಹಾಕಿದರು ಎಂದು ತಾವು ಪೊಲೀಸರನ್ನು ಕಳಿಸುವುದಾದರೆ ರಬ್ಬರ್ ಬೂಟು ಹಾಕಿಸಿ ಕಳಿಸಿ. ಬುಟ್ಟಿ ಹೊರಲು ಕೈಗಳು ಸಾಲುತ್ತಿಲ್ಲ. ತಾವೂ ಬಂದರೆ ಸಂತೋಷ, ಬಿಸಿ ಕಾಫಿ ಇರುತ್ತದೆ.

ಕಾಲು ಮರಗಟ್ಟಿದ್ದರೂ ಮನಸ್ಸು ಮರಗಟ್ಟದ,
ತಮ್ಮ ವಿಶ್ವಾಸಿ,
ಶೇಷಗಿರಿ
ಕಾರ್ಯದರ್ಶಿ, ಎರ್ಲೆನ್‌ಬೆಕ್ ತೊರೆ ಸಂಘ

ತಾ.ಕ.: ನಿನ್ನೆ ಶಾಮಲಾ ಅವರೇ ಪರೀಕ್ಷೆಗೆ ಕೂತು ಪಾಸಾದರು. ಒಂದೇ ಏಟಿಗೆ ಮರದ ಮೀನಿನ ತಲೆ ಹಾರಿ ತಮ್ಮ ಕುರ್ಚಿಯ ಕೆಳಗೆ ಹೋದದ್ದಕ್ಕೆ ಸಂಘದ ಪರವಾಗಿ ಕ್ಷಮೆ ಕೋರುತ್ತೇನೆ. ಅವರನ್ನು ಮುಖ್ಯಸ್ಥೆ ಮಾಡಿ ಕೊಟ್ಟ ಅರ್ಜಿಯನ್ನು ಮುಂದಿನ ವರ್ಷ ನೋಡುತ್ತೀರಂತೆ, ಆಗಲಿ. ಆದರೆ ತಾವು ರುಜು ಹಾಕಿ ಕೊಟ್ಟ ಪರವಾನಗಿಯ ಪ್ರಕಾರ ಅವರು ಎರ್ಲೆನ್‌ಬೆಕ್ಕಿನಲ್ಲಿ ದಿನಕ್ಕೆ ಎರಡು ಸಾಲ್ಮನ್ ಹಿಡಿಯಬಹುದಾಗಿದೆ. ಆ ಎರಡು ಸಾಲ್ಮನ್‌ಗಳನ್ನು ತಾವು ತೊರೆಯಲ್ಲಿ ಎಲ್ಲಿ ಇಟ್ಟಿದ್ದೀರಿ ಎಂದು ತಿಳಿಸಿದರೆ, ಅವಕ್ಕೆ ಮನೆ ಸಿದ್ಧವಾಗಿದೆಯೆಂದು ನಾವೇ ಹೋಗಿ ಹೇಳಿ ಬರುತ್ತೇವೆ.