ನನ್ನ ಗೇಣು, ಭಾವಮೈದನ ಗಾಲಿ

ನನ್ನ ಭಾವಮೈದ ಕೂತು ಉಣ್ಣುತ್ತಾನೆ, ನಿಂತು ನಿದ್ದೆ ಮಾಡುತ್ತಾನೆ, ಮಲಗಿ ಸೈಕಲ್ ಹೊಡೆಯುತ್ತಾನೆ. ನಿದ್ದೆಗೆ ಮೆಟ್ರೊದವರು ಸಾಕ್ಷಿ. ಸೈಕಲ್ಲಿಗೆ ನಾವಿರುವ ಡಚ್ಚರ ಊರು, ಇಡೀ ಡೀಮೆನ್ನೇ ಸಾಕ್ಷಿ!

ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗಿ, ಮುಂದಕ್ಕೆ ಚಾಚಿದ ಕಾಲಿನಿಂದ ತುಳಿಯುವ ಸೈಕಲ್ ಅದು.

"ಕಾಲು ಮುಂದ ಮಾಡಿ ಮನಿ ಬಿಡೂದು ಒಂದ ಸಲ ಅಪಾ" ಎಂದೆ.

"ನಾ ದಿನಾ ತಿರುಗಿ ಬರ್ತೀನಲ್ರೀ, ಭಾವಾ!"

ಹೋದ ಚಳಿಗಾಲ ಹಿಮಗಟ್ಟಿದ ಸೇತುವೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಬೇಸಿಗೆಯವರೆಗೆ ನಮ್ಮ ಕಿಟಕಿಯ ಬಳಿ ಹೋಗಿಬರುವ ಸೈಕಲ್ಲುಗಳನ್ನೇ ನೋಡುತ್ತ ಕೂತ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡೆದ್ದ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, "ಮಾರಿಬಿಡು ಅದನ್ನ" ಎಂದಳು. ಅವನು ಮಾರಲಿಲ್ಲ. ಹಿಂದಿನ ಒಂದು ಗಾಲಿ ತೆಗೆದು ಎರಡು ಹಾಕಿದರೆ ಬೀಳುವ ಮಾತೇ ಇಲ್ಲ ಎಂದು ವಾದಿಸಿದ.

"ಇದೊಂದ ಸಲ. ಮತ್ತೇನರ ರಗಳೆ ಆತೋ, ಗುಜರಿಗೆ!" ಎಂದು ಅವಳು ಕೊನೆಗೂ ಒಪ್ಪಿದಳು.

ಕೆಲಸ ನಮ್ಮ ಕಟ್ಟಡದ ಸ್ಟೋರ್ ರೂಮಿನಲ್ಲಿ. ಗಾಲಿ ತರಲು ಲೈಡನ್ ಊರಿಗೆ ಹೋದವನು ಅಂಗಡಿಯಿಂದ ಫೋನ್ ಮಾಡಿದ: "ಭಾವಾ, ಬಾಗಿಲಾ ಎಷ್ಟ ಅಗಲ ಐತ್ರಿ?"

ಟೇಪು ಮೇಲಿನ ಮಹಡಿಯಲ್ಲಿ, ನಾನು ಕೆಳಗೆ. ಹತ್ತುವವರು ಯಾರು? ಗೇಣು ಹಾಕಿ ನೋಡಿದೆ. "ಐದು ಗೇಣು!"

ಅವನು ಎಂಜಿನಿಯರ್. ಆದರೂ ಭಾವನ ಮಾತಿಗೆ ಬೆಲೆ ಕೊಟ್ಟು, ಅಂಗಡಿಯಲ್ಲೇ ತನ್ನ ಗೇಣಿನಿಂದ ಐದು ಅಳೆದು, ಅದರೊಳಗೆ ಹಿಡಿಯುವ ಜೋಡಿ ಗಾಲಿ ತಂದ. ನನ್ನ ಅಂಗೈ ವೀಳ್ಯದೆಲೆ, ಅವನದು ಬಾಳೆಎಲೆ! ಒಳಗೇ ಕೂತು ಜೋಡಿಸಿದ ಗಾಡಿ ಹೊರಗೆ ಬರುವಾಗ ಬಾಗಿಲಿಗೆ ಸಿಕ್ಕಿಕೊಂಡಿತು.

ನಾನು ಎಳೆದೆ, ಅವನು ನೂಕಿದ. ಸದ್ದು ಕೇಳಿ ಹೆಂಡತಿ ಇಳಿದು ಬಂದಳು.

"ಬಾಗಿಲಾ ಅಳದಾವ್ರು ಯಾರು?"

ನಾನು ಬ್ರೇಕಿನ ತಂತಿಯನ್ನು ಭಾರೀ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ.

"ನಂದ ತಪ್ಪು ಅಕ್ಕಾ" ಎಂದ ಅವನು. "ಗುಜರಿಗೆ ಹಾಕೂಣಂತ."

ಅರವತ್ತಕ್ಕೆ ಬಂದವನು ಮಗುವಿನಂತೆ ತಲೆ ತಗ್ಗಿಸಿ ನಿಂತಿದ್ದ. ವರ್ಷಗಟ್ಟಲೆ ಅವನನ್ನು ಹುಚ್ಚನೆಂದು ನಕ್ಕ ನನ್ನ ನಾಲಿಗೆ ಒಂದು ನಿಜ ಹೇಳಲು ಇಷ್ಟು ಹೊತ್ತು ತಗೊಂಡಿತೇ? "ಅಳದಾಂವ ನಾನು," ಎಂದೆ. "ಗೇಣಿಲೆ."

ಅವಳು ನನ್ನನ್ನು ನೋಡಿದಳು. ಆಮೇಲೆ ತಮ್ಮನ ತಗ್ಗಿದ ತಲೆಯನ್ನು ನೋಡಿದಳು.

"ಯಾವಾಗರ ಬಾಗಿಲದಾಗಿಂದ ಮಂಚಾ ಹೊರಗ ತಂದಿಲ್ಲೇನ್ರಿ? ಒಂದ ಮಗ್ಗಲಿಗೆ ಅಡ್ಡ ಮಲಗಸ್ರಿ."

ಅಡ್ಡ ಮಲಗಿಸಿದೆವು. ಸಲೀಸಾಗಿ ಬಂತು! ಅವನು ಏರಿ ಒರಗಿದ. ಅವಳು ತನ್ನ ಉಣ್ಣೆಯ ಮಫ್ಲರ್ ಬಿಚ್ಚಿ, ಬಗ್ಗಿ, ಅವನ ಕಿವಿ ಮುಚ್ಚುವಂತೆ ಸುತ್ತಿ ಗಂಟು ಹಾಕಿದಳು.

"ಸಾವಕಾಶ ಹೋಗು" ಎಂದಳು. ಅವನ ಭುಜದ ಮೇಲಿನ ಕೈ ತೆಗೆಯಲು ಮಾತ್ರ ಅವಳಿಗೆ ಮನಸ್ಸೇ ಬರಲಿಲ್ಲ.