ಹಿತ್ತಲ ಡ್ರಮ್ಮಿಗೆ ಗೋಣಿ ಹೊದಿಕೆ

ಗಂಡ ಸುಳ್ಳು ಹೇಳಿದರೆ ಟೈಲರಮ್ಮನ ಮೂಗು ಅರಳುತ್ತದೆ. ಆ ವಾರವಿಡೀ ಅದು ಅರಳಿಯೇ ಇತ್ತು.

ಮೊದಲು ಡಬ್ಬಿಯಿಂದ ಅರ್ಧ ಅಚ್ಚು ಬೆಲ್ಲ ಮಾಯವಾಯಿತು. ಆಮೇಲೆ ಗಂಡನ ಅಂಗಿಗೆ ಹೊಗೆಯ ವಾಸನೆ. ಈಗ ಹಿತ್ತಲ ಕೊಟ್ಟಿಗೆಯ ಮೂಲೆಯಲ್ಲೊಂದು ಡ್ರಮ್ಮು, ಅದಕ್ಕೆ ಗೋಣಿಯ ಹೊದಿಕೆ, ಹೊದಿಕೆಯ ಮೇಲೆ ಕಲ್ಲು. (ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮಹಾಶಯ ಒಂದು ಹಾಲಿನ ಪಾತ್ರೆಯನ್ನೂ ಮುಚ್ಚಿಟ್ಟವನಲ್ಲ.)

"ಏನ್ರೀ ಅದು ಡ್ರಮ್ಮಲ್ಲಿ?"

"ಏನಿಲ್ಲ ಕಣೆ, ನೀರು."

"ನೀರಿಗೆ ಕಲ್ಲು ಯಾಕೆ? ಎದ್ದು ಓಡಿಹೋಗುತ್ತಾ?"

ಗಂಡ ಕೆಮ್ಮಿ, ಎತ್ತಿಗೆ ಹುಲ್ಲು ಹಾಕಲು ಹೋದ. ಆಗಲೇ ಹಾಕಿದ್ದ ಹುಲ್ಲಿನ ಮೇಲೆ ಇನ್ನಷ್ಟು ಹಾಕಿದ.

ಬೆಲ್ಲ, ಹೊಗೆ, ಡ್ರಮ್ಮಿನಿಂದ ಹುಳಿ ವಾಸನೆ. ಸಂಶಯವೇ ಇಲ್ಲ, ಕಳ್ಳಭಟ್ಟಿ. ಹೆಂಡದಲ್ಲಿ ಅಪ್ಪನ ಮನೆ ಮುಳುಗಿದ್ದನ್ನು ಕಂಡವಳು ಆಕೆ. ಮನೆಗೆ ಅದರ ಒಂದು ತೊಟ್ಟು ಬಂದ ದಿನ ತಾನು ಹೊರಗೆ ಎಂದು ಮದುವೆಗೆ ಮುಂಚೆಯೇ ಹೇಳಿದ್ದಳು. ಮನೆ ಬಿಡಲು ಹೊಲಿಗೆ ಯಂತ್ರದ ತಲೆ ಬಿಚ್ಚಿ ಗಂಟು ಕಟ್ಟಿ, ಅಬಕಾರಿ ಪೇದೆಯಾಗಿದ್ದ ತಮ್ಮನನ್ನು ಕರೆಸಿದಳು.

ತಮ್ಮ ಗೋಣಿ ಸರಿಸಿ ಹಿಂದಕ್ಕೆ ಹಾರಿದ. "ಅಕ್ಕಾ, ಬರೀ ವಾಸನೆ ನಂಬಿ ಕೇಸು ಬರೆಯೋಕಾಗಲ್ಲ. ರುಚಿ ನೋಡ್ಬೇಕು."

"ನೋಡು ಮತ್ತೆ."

"ನಾನು ಡ್ಯೂಟಿಲಿದೀನಿ. ಕುಡಿಯೋ ಹಾಗಿಲ್ಲ."

ಟೈಲರಮ್ಮ ಮೂಗು ಹಿಡಿದು, ಕರ್ರಗಿನ ರಸವನ್ನು ಅರ್ಧ ಸೌಟು ಬಾಯಿಗೆ ಸುರಿದುಕೊಂಡಳು. ಕಣ್ಣಲ್ಲಿ ನೀರು ಚಿಮ್ಮಿತು.

"ಇದೇ ಕಣೋ, ಗಂಟಲು ಸುಡ್ತಿದೆ. ಬರ್ಕೋ."

ಅಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತಿದ್ದ. "ಅದು ಎತ್ತಿನ ಗಂಜಲ ಕಣೆ."

ಆಕೆ ನೀರಿನ ತೊಟ್ಟಿಗೆ ಓಡಿದಳು. ಗಂಡ ಹಿಂದೆಯೇ ಹೋಗಿ ಬಾಯಿಬಿಟ್ಟ.

"ಹೋದ ವರ್ಷ ಹತ್ತಿ ಕಡ್ಡಿ ಸುಟ್ಟ ಇದ್ದಿಲನ್ನ ಹಾಗೇ ಒಣಹೊಲಕ್ಕೆ ಹಾಕಿದ್ನಲ್ಲ, ಮಣ್ಣಿನ ಸತ್ವ ಅದೇ ನುಂಗಿ ಪೈರು ಹಳದಿಯಾಯ್ತು. ಇನ್ನೊಂದ್ಸಲ ಇದ್ದಿಲು ಮುಟ್ಟಿದ್ರೆ ನೋಡಿ ಅಂದಿದ್ದೆ ನೀನು. ಅದಕ್ಕೇ ಈ ಸಲ ಕದ್ದುಮುಚ್ಚಿ ಸುಟ್ಟೆ. ಮೊದಲು ಗಂಜಲ, ಸಗಣಿ, ಬೆಲ್ಲದಲ್ಲಿ ನೆನೆಸಿ ಇದ್ದಿಲ ಹೊಟ್ಟೆ ತುಂಬಿಸ್ಬೇಕಂತೆ. ಆಮೇಲೆ ಅದು ನೀರು ಹಿಡಿದಿಟ್ಟು ಬೇರಿಗೆ ಕೊಡುತ್ತಂತೆ."

ಆಕೆ ನಾಲ್ಕನೇ ಚೊಂಬು ನೀರು ಮುಕ್ಕಳಿಸುತ್ತಿದ್ದಳು. ಗಂಡ ತಡೆಯಲಾರದೆ ಮೆಲ್ಲಗೆ ಕೇಳಿದ: "ಹದ ಬಂದಿತ್ತಾ? ಬಂದಿದ್ರೆ ನಾಳೆನೇ ಹೊಲಕ್ಕೆ ಹಾಕೋಣ."

ಟೈಲರಮ್ಮ ನೀರು ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಒಂದು ಗಳಿಗೆ ನಾಲಿಗೆ ಚಪ್ಪರಿಸಿದಳು.

"ಇನ್ನೂ ಎರಡು ದಿನ ಬೇಕು," ಎಂದಳು.